ಒಬ್ಬಳೇ ಎತ್ತುವ ಗಾಡಿ

ಗಾಡಿ ಆರಿಸುವುದಕ್ಕೆ ನಾನು ತೆಗೆದುಕೊಂಡದ್ದು ಹನ್ನೊಂದು ತಿಂಗಳು. ಹೆಣ್ಣು ನೋಡಲು ಬರುವವರೂ ಇಷ್ಟು ಸತಾಯಿಸುವುದಿಲ್ಲ. ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುವವಳು ನಾನು. ಹಳೆಯ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಕೋಷ್ಟಕ ಮಾಡಿಟ್ಟಿದ್ದೆ. ಸೀಟಿನ ಎತ್ತರ, ತೂಕ, ನೆಲಕ್ಕೂ ಎಂಜಿನ್ನಿಗೂ ನಡುವೆ ಇರುವ ಜಾಗ, ಬಿಡಿಭಾಗ ಮೈಸೂರಿನಲ್ಲೇ ಸಿಗುತ್ತದೋ ಇಲ್ಲವೋ, ಹೀಗೆ. ಮಣ್ಣುದಾರಿ, ಕಲ್ಲುದಾರಿಗೆ ಆಗಬೇಕು, ವರ್ಷಕ್ಕೆ ನಾಲ್ಕಾರು ಸಲ ಊರಾಚೆಯ ಡರ್ಟ್ ಟ್ರ್ಯಾಕಿನಲ್ಲಿ ಸುತ್ತು ಹಾಕುವುದಕ್ಕೂ ಆಗಬೇಕು, ಎಲ್ಲಕ್ಕಿಂತ ಹೆಚ್ಚಾಗಿ ನಡುದಾರಿಯಲ್ಲಿ ಕೈಕೊಡಬಾರದು.

ನಲವತ್ತು ದಾಟಿದ ಹೆಂಗಸಿಗೆ ಇದೆಂಥ ಹುಚ್ಚು ಎಂದು ಸ್ಟಾಫ್ ರೂಮಿನಲ್ಲಿ ಕೇಳುತ್ತಾರೆ. ಹೆಲ್ಮೆಟ್ ಹಾಕಿಕೊಂಡಾಗ ಯಾರೂ ನನ್ನನ್ನು ‘ಮಿಸ್, ಮಿಸ್’ ಅಂತ ಕೂಗುವುದಿಲ್ಲ, ಅದಕ್ಕೇ ಎಂದು ಹೇಳಿ ಬಾಯಿ ಮುಚ್ಚಿಸುತ್ತೇನೆ.

ಹನ್ನೊಂದು ತಿಂಗಳು ಹಿಡಿದದ್ದಕ್ಕೆ ನಿಜವಾದ ಕಾರಣ ಮಾತ್ರ ಕೋಷ್ಟಕದಲ್ಲಿ ಇರಲಿಲ್ಲ. ಹಿಂದಿನ ವರ್ಷ ಒಂದು ಭಾನುವಾರ, ಇಲವಾಲದ ಆಚೆ ಹಿನ್ನೀರಿನ ಬದಿಯ ಗಾಡಿದಾರಿಯಲ್ಲಿ ಒಬ್ಬಳೇ ಹೋಗುತ್ತಿದ್ದಾಗ ನನ್ನ ಹಳೆಯ ಬೈಕು ಒಣಗಿ ಕಲ್ಲಾದ ಕೆಸರಿನ ಅಂಚಿಗೆ ಸಿಕ್ಕಿ ಬಲಕ್ಕೆ ಉರುಳಿತು. ಬಲಗಾಲು ಅಡಿಯಲ್ಲಿ ಸಿಕ್ಕಿಕೊಂಡಿತು. ಇನ್ನೂರು ಕಿಲೋ ಹತ್ತಿರದ ಗಾಡಿ ಅದು. ಫೋನು ಟ್ಯಾಂಕಿನ ಮೇಲಿನ ಚೀಲದಲ್ಲಿತ್ತು, ಚೀಲ ನನ್ನ ಕೈಗೆ ಒಂದು ಗೇಣು ದೂರದಲ್ಲಿತ್ತು. ಬಿಸಿ ಸೈಲೆನ್ಸರ್ ಪ್ಯಾಂಟಿನ ಮೂಲಕವೇ ಮೀನಖಂಡವನ್ನು ಸುಡುತ್ತಿತ್ತು. ಕೂಗಿ ಕೂಗಿ ಗಂಟಲು ಕಟ್ಟಿತು. ಮುಕ್ಕಾಲು ಗಂಟೆಯ ಮೇಲೆ ಎಮ್ಮೆ ಮೇಯಿಸಲು ಬಂದ ಒಬ್ಬರು ನೋಡಿ ಗಾಡಿ ಎತ್ತಿದರು. ಮೂಳೆ ಮುರಿದಿರಲಿಲ್ಲ. ಮನೆಗೆ ಬಂದು, ಸ್ಕೂಲಿನ ಮೆಟ್ಟಿಲ ಮೇಲೆ ಜಾರಿಬಿದ್ದೆ ಎಂದು ಅಮ್ಮನಿಗೆ ಹೇಳಿದೆ. ತಿಂಗಳೊಳಗೆ ಗಾಡಿ ಮಾರಿದೆ.

ಆಮೇಲೆ ಶುರುವಾಯಿತು ಈ ಹುಡುಕಾಟ. ಇದು ಭಾರ, ಅದು ಎತ್ತರ, ಇನ್ನೊಂದರ ರೇಡಿಯೇಟರಿಗೆ ಕಲ್ಲು ಬಡಿದರೆ ಕಥೆ ಮುಗಿಯಿತು ಎಂದು ಒಂದೊಂದಕ್ಕೂ ಏನಾದರೊಂದು ಕೊಂಕು ತೆಗೆಯುತ್ತಿದ್ದೆ. ನನಗೆ ಗಾಡಿ ಬೇಕಿತ್ತು. ಹತ್ತುವುದಕ್ಕೆ ಹೆದರಿಕೆ ಆಗುತ್ತಿತ್ತು. ಆ ಹೆದರಿಕೆಯನ್ನು ಒಪ್ಪಿಕೊಳ್ಳಲು ಕೊಬ್ಬು ಬಿಡುತ್ತಿರಲಿಲ್ಲ. ಅದಕ್ಕೇ ಕೋಷ್ಟಕ ಉದ್ದವಾಗುತ್ತಾ ಹೋಯಿತು.

ನನ್ನ ಸ್ಕೂಟರನ್ನು ಮೊದಲಿನಿಂದಲೂ ನೋಡಿಕೊಳ್ಳುವ ಮೆಕ್ಯಾನಿಕ್ ಉದಯಗಿರಿಯಲ್ಲಿದ್ದಾರೆ. ಕಡೆಗೆ ಅವರೇ ಬೇಸತ್ತು ಫೋನ್ ಮಾಡಿದರು. “ಟೀಚರೇ, ಎರಡು ಗಾಡಿ ತರಿಸಿ ನಿಲ್ಲಿಸಿದ್ದೀನಿ. ಎರಡೂ ನಾನೇ ಸರ್ವೀಸ್ ಮಾಡಿರೋವು. ಈ ಶನಿವಾರ ಬಂದು ಒಂದು ತೀರ್ಮಾನ ಮಾಡ್ಬುಡಿ. ಇಲ್ಲಾಂದ್ರೆ ನನ್ ತಲೆ ತಿನ್ಬೇಡಿ.”

ಹೊರಡುವಾಗ ಅಮ್ಮ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. “ನಾನೂ ಬತ್ತೀನಿ ನಡಿ.”

“ನಿನಗೇನಮ್ಮಾ ತಿಳಿಯುತ್ತೆ ಅಲ್ಲಿ?”

“ತಿಳೀದಿದ್ರೆ ಸುಮ್ಕೆ ಕೂತಿರ್ತೀನಿ. ಅದ್ಕೇನು ಕಾಸಾ?”

ಅಮ್ಮನಿಗೆ ಎಪ್ಪತ್ತು ಹತ್ತಿರ. ನಂಜನಗೂಡು ಕಡೆಯ ಹಳ್ಳಿಯಲ್ಲಿ ಹುಟ್ಟಿ, ಮದುವೆಯಾಗಿ ವಿದ್ಯಾರಣ್ಯಪುರಂಗೆ ಬಂದವಳು. ಅಪ್ಪ ಹೋದ ಮೇಲೆ ಟೈಲರಿಂಗ್ ಮಾಡಿ ನನ್ನನ್ನು ಓದಿಸಿದಳು. ಸುಮ್ಮನೆ ಕೂರುವ ಜಾಯಮಾನ ಅವಳದಲ್ಲ. ಸ್ಕೂಟರಿನ ಹಿಂದೆ ಕೂತು ದಾರಿಯುದ್ದಕ್ಕೂ ನಾನು ಬ್ರೇಕ್ ಹಾಕುವುದಕ್ಕೆ ಮೊದಲೇ “ಮೆಲ್ಲಗೆ” ಎನ್ನುತ್ತಿದ್ದಳು.

ಗ್ಯಾರೇಜಿನ ಮುಂದೆ ಎರಡು ಬೈಕು ನಿಂತಿದ್ದವು. ಒಂದು ನಾನೂರು ಸಿಸಿಯದು, ಎತ್ತರದ್ದು. ನೋಡಿದರೆ ಕಣ್ಣು ಕೀಳಲಾಗದಂಥ ಚೆಲುವು. ಇನ್ನೊಂದು ಇನ್ನೂರು ಸಿಸಿ. ಬಣ್ಣ ಅಲ್ಲಲ್ಲಿ ಉಜ್ಜಿಹೋಗಿತ್ತು, ಸಪೂರ ಮೈ. ನಾನು ನೇರವಾಗಿ ದೊಡ್ಡದರ ಹತ್ತಿರ ಹೋದೆ. ಟ್ರ್ಯಾಕಿನಲ್ಲಿ ಜೊತೆಗೆ ಓಡಿಸುವ ನಮ್ಮ ಗುಂಪಿನವರೆಲ್ಲ ತಗೊಂಡರೆ ಅಂಥದ್ದೇ ತಗೋ ಎಂದಿದ್ದರು. ಚಿಕ್ಕದರ ಮೇಲೆ ಅವರ ಎದುರು ಹೋಗಿ ನಿಲ್ಲುವುದನ್ನು ನೆನೆದರೇ ನನಗೆ ನಾಚಿಕೆಯಾಗುತ್ತಿತ್ತು.

“ಯಾವುದು ನಂಬಿಕಸ್ತ ಗಾಡಿ?” ಎಂದೆ.

“ಕೆಡದೇ ಇರೋ ಗಾಡಿ ಯಾರೂ ಮಾಡಿಲ್ಲ ಮೇಡಂ. ಕೆಟ್ರೆ ಎಲ್ಲಿ ರಿಪೇರಿ ಆಗುತ್ತೆ ಅನ್ನೋದೇ ಲೆಕ್ಕ. ದೊಡ್ಡದಕ್ಕೆ ಕಂಪ್ಯೂಟರ್ ಹಾಕಿ ನೋಡ್ಬೇಕು. ಚಿಕ್ಕದಕ್ಕೆ ಕ್ಲಚ್ ವೈರು, ಲಿವರು ಹಳ್ಳಿ ಅಂಗಡೀಲೂ ಸಿಗುತ್ತೆ. ಟ್ರ್ಯಾಕಲ್ಲಿ ದೊಡ್ಡದು ಜೋರು, ಇಲ್ಲ ಅನ್ನಲ್ಲ. ಆದ್ರೆ ಟ್ರ್ಯಾಕಲ್ಲಿ ಬಿದ್ರೆ ಹತ್ತು ಜನ ಓಡಿ ಬರ್ತಾರೆ.”

ಸ್ಟೂಲಿನ ಮೇಲೆ ಕೂತಿದ್ದ ಅಮ್ಮ ಅಲ್ಲಿಗೆ ಎದ್ದಳು. “ಏನಪ್ಪಾ, ಇವೆರಡನ್ನೂ ನೆಲದ ಮ್ಯಾಲೆ ಮಲಗ್ಸು.”

ಮೆಕ್ಯಾನಿಕ್ ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ಅಮ್ಮನ ಮುಖ. “ಮಲಗ್ಸೋದಾ? ಅಮ್ಮ, ಗಾಡಿ ಓಡ್ಸಿ ನೋಡ್ತಾರೆ, ಮಲಗ್ಸಿ ಯಾರೂ ನೋಡಲ್ಲ.”

“ಮಲಗ್ಸಪ್ಪ. ಇವ್ಳು ಎತ್ಲಿ, ನೋಡುವ.”

ನಾನು ಅಮ್ಮನನ್ನು ದುರುಗುಟ್ಟಿಕೊಂಡು ನೋಡಿದೆ. ಅವಳು ಲೆಕ್ಕಕ್ಕೇ ತಗೊಳ್ಳಲಿಲ್ಲ. ಮೆಕ್ಯಾನಿಕ್ ಗೋಣಿಚೀಲ ಹಾಸಿ ಮೊದಲು ದೊಡ್ಡದನ್ನು ಬಲಮಗ್ಗುಲಿಗೆ ಮಲಗಿಸಿದರು. ಎತ್ತುವ ಕ್ರಮ ನನಗೆ ಗೊತ್ತಿತ್ತು: ಗಾಡಿಗೆ ಬೆನ್ನು ಕೊಟ್ಟು ಕೂತು, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಚಾಸಿ ಹಿಡಿದು, ಸೊಂಟ ಬಗ್ಗಿಸದೆ ಕಾಲಿನ ಬಲದಿಂದ ಹಿಂದಕ್ಕೆ ತಳ್ಳುತ್ತಾ ಏಳಬೇಕು. ಕೂತೆ, ತಳ್ಳಿದೆ. ಒಂದು ಮೊಳ ಎದ್ದ ಗಾಡಿ ವಾಪಸು ಕೂತಿತು. ಇನ್ನೊಮ್ಮೆ, ಮತ್ತೊಮ್ಮೆ. ಎದುರಿನ ಪಂಚರ್ ಅಂಗಡಿಯವರು ಕೆಲಸ ಬಿಟ್ಟು ನೋಡುತ್ತಿದ್ದರು. ತೊಡೆ ಸೋತಿತು. ಹಿನ್ನೀರಿನ ಬದಿಯಲ್ಲಿ ಮಲಗಿದ್ದಾಗಿನ ಅದೇ ಭಯ ಮತ್ತೆ ಬಂತು. ಸಿಟ್ಟಿನಿಂದ, “ಏನಮ್ಮಾ ಇದು, ಮಾನ ಕಳೀತಿದ್ದೀಯ” ಎಂದು ಎಲ್ಲರೆದುರೇ ಕೂಗಿದೆ.

ಅಮ್ಮ ಕೂಗಲಿಲ್ಲ. “ನಾನು ಹುಲ್ಲು ಕುಯ್ಯಕ್ಕೆ ಹೋಗ್ತಿದ್ದೆ ಕಣೇ, ಮದ್ವೆಗೂ ಮುಂಚೆ. ಜೊತೇಲಿ ಇನ್ನೊಬ್ರಿದ್ರೆ ದೊಡ್ಡ ಹೊರೆ ಕಟ್ತಿದ್ವು. ಒಬ್ರು ಕೈ ಕೊಟ್ಟು ತಲೆಗೆ ಎತ್ತುಸ್ತಿದ್ರು. ಒಬ್ಳೇ ಹೋದ ದಿನ, ನಾನೇ ತಲೆಗೆ ಎತ್ಕಳೋ ಅಷ್ಟೇ ಕಟ್ತಿದ್ದೆ. ಅದ್ರಲ್ಲಿ ಮಾನ ಹೋಗೋದೇನು? ನೀನು ಒಬ್ಳೇ ಹೋಗೋಳು. ನಿಂಗೆ ಅಲ್ಲಿ ಎತ್ಸೋರು ಯಾರವ್ರೆ?”

ಅವಳು ಹತ್ತಿರ ಬಂದು ದನಿ ತಗ್ಗಿಸಿದಳು. “ಮೆಟ್ಟಿಲ ಮ್ಯಾಲೆ ಜಾರಿದ್ರೆ ಕಾಲು ಸುಡಾಕಿಲ್ಲ. ಪ್ಯಾಂಟು ಒಗ್ದೋಳು ನಾನು. ವರ್ಸದಿಂದ ನೀನೇ ಯೋಳ್ತೀಯ ಅಂತ ಕಾಯ್ತಿದ್ದೆ.”

ನಾನು ಗೋಣಿಚೀಲದ ಮೇಲೇ ಕೂತುಬಿಟ್ಟೆ. ಅಳು ಬಂತು, ಅದರ ಜೊತೆಗೆ ನಗುವೂ. ಇಷ್ಟು ದಿನ ಅಮ್ಮನಿಗೆ ಗೊತ್ತಾದರೆ ಗಾಡಿಯ ಸುದ್ದಿಯೇ ಬೇಡ ಎನ್ನುತ್ತಾಳೆಂದು ಮುಚ್ಚಿಟ್ಟಿದ್ದೆ. ಅವಳು ಎಲ್ಲ ತಿಳಿದೂ ನನ್ನ ಜೊತೆ ಗಾಡಿ ಆರಿಸಲು ಬಂದಿದ್ದಳು. ಮೆಕ್ಯಾನಿಕ್ ಪಾಪ, ಏನೂ ಅರ್ಥವಾಗದೆ ಟೀ ಹೇಳಲು ಹೋದರು.

ಟೀ ಕುಡಿದ ಮೇಲೆ ಚಿಕ್ಕದನ್ನು ಮಲಗಿಸಿದೆವು. ಬೆನ್ನು ಕೊಟ್ಟು ಕೂತು ತಳ್ಳಿದೆ. ಮೊದಲ ಸಲಕ್ಕೇ ಎದ್ದು ನಿಂತಿತು. ಸುಸ್ತಾಗಿದ್ದ ಕಾಲಲ್ಲೇ ಎತ್ತಿದ್ದೆ. ಅಮ್ಮ ಇನ್ನೊಂದು ಸಲ ಎತ್ತು ಎಂದಳು. ಎತ್ತಿದೆ. ಮೂರನೆಯ ಸಲ ನಾನೇ ಮಲಗಿಸಿ, ನಾನೇ ಎತ್ತಿ, ಪಂಚರ್ ಅಂಗಡಿಯವರ ಕಡೆ ನೋಡಿದೆ.

“ಇದೇ ಸಾಕು,” ಎಂದೆ. ಹನ್ನೊಂದು ತಿಂಗಳ ಕೋಷ್ಟಕದಲ್ಲಿ ‘ಎತ್ತಬಲ್ಲೆನೇ’ ಎಂಬ ಒಂದು ಕಾಲಂ ಇರಲಿಲ್ಲ.

ಆ ತಿಂಗಳೇ ಟ್ರ್ಯಾಕಿಗೆ ಹೋದೆ. ಗುಂಪಿನವರೆಲ್ಲ ನನ್ನನ್ನು ದಾಟಿಕೊಂಡು ಹೋದರು, ಧೂಳು ಕುಡಿದೆ, ಒಂದಿಬ್ಬರು ಗೇಲಿಯನ್ನೂ ಮಾಡಿದರು. ಮಾಡಲಿ ಬಿಡಿ. ತಿರುವಿನಲ್ಲಿ ಹಿಂಚಕ್ರ ಜಾರಿದಾಗ ಮೈ ಮರಗಟ್ಟದೆ ತಾನಾಗಿ ಸರಿಮಾಡಿಕೊಂಡದ್ದು ನನಗೊಬ್ಬಳಿಗೆ ಗೊತ್ತು.

ಮುಂದಿನ ಭಾನುವಾರ ಹಿನ್ನೀರಿನ ದಾರಿಗೆ ಒಬ್ಬಳೇ ಹೋದೆ. ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸು ಎಂದು ಅಮ್ಮನಿಗೆ ಹೇಳಿ ಹೋದೆ. ಸಡಿಲ ಮಣ್ಣಿನ ಒಂದು ಏರಿನಲ್ಲಿ ಗಾಡಿ ನಿಂತು, ಕಾಲಿಗೆ ನೆಲ ಸಿಗದೆ ಪಕ್ಕಕ್ಕೆ ಬಿದ್ದೆ. ಈ ಸಲ ಕಾಲು ಗಾಡಿಯಡಿ ಸಿಕ್ಕಿಕೊಳ್ಳಲಿಲ್ಲ. ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ. ಬೆನ್ನು ಕೊಟ್ಟು ಕೂತೆ, ಎತ್ತಿದೆ, ಸ್ಟ್ಯಾಂಡ್ ಹಾಕಿದೆ. ಆಮೇಲೆ ಜೇಬಿನಿಂದ ಫೋನು ತೆಗೆದೆ.

“ಅಮ್ಮ, ಬಿದ್ದೆ.”

ಆ ಕಡೆ ಕುಕ್ಕರ್ ಕೂಗುತ್ತಿತ್ತು. “ಎತ್ಕಂಡ್ಯಾ?”

“ಎತ್ಕೊಂಡೆ.”

“ಅಂಗಾರೆ ಸರಿ ಬುಡು. ಇನ್ನೊಂದಷ್ಟು ಸುತ್ತಾಡ್ಕಂಡು ಊಟಕ್ಕೆ ಬಾ.”