ಹಾಕೋ ನಂಜಾ

ನಂಜುಂಡನ ಎಸೆತ ಎಂಥದೆಂದು ನಾನು ಮೈದಾನಕ್ಕೆ ಹೋಗಿ ನೋಡಿದವಳಲ್ಲ. ನನ್ನ ಗಂಡನ ಅಂಗೈಯಲ್ಲಿ ನೋಡಿದವಳು. ಭಾನುವಾರ ಆಟ ಮುಗಿಸಿ ಬಂದರೆ, ಗವಸು ಹಾಕಿದ್ದರೂ ಅವರ ಎಡಗೈ ಬದನೆಕಾಯಿ ಬಣ್ಣಕ್ಕೆ ತಿರುಗಿ ಊದಿರುತ್ತಿತ್ತು. ಕಲ್ಲುಪ್ಪು ಹುರಿದು ಗಂಟು ಕಟ್ಟಿ ಶಾಖ ಕೊಡುತ್ತಿದ್ದೆ. ಏಟು ಕೊಟ್ಟವನು ನಮ್ಮ ಮಹಡಿ ಮನೆಯ ಹೊಸ್ತಿಲ ಮೇಲೆ ಕೂತು, ತನ್ನ ಚರ್ಮದ ಗವಸಿಗೆ ನನ್ನದೇ ಹರಳೆಣ್ಣೆ ಸವರುತ್ತಿದ್ದ.

"ಭಾವನ ಕೈ ಮೆತ್ತಗದೆ ಕಣಕ್ಕಾ. ಮುದ್ದೆ ಜಾಸ್ತಿ ಹಾಕು."

"ನಿನ್ನ ಕೈಗೆ ಬರೆ ಹಾಕ್ತಾಳೆ, ಇರು," ಎನ್ನುತ್ತಿದ್ದರು ಇವರು.

ಬೇಸ್‌ಬಾಲ್ ಎಂದರೆ ಎಂಬತ್ತರ ದಶಕದ ರಾಜಗೋಪಾಲನಗರದಲ್ಲಿ ಯಾರಿಗೆ ಗೊತ್ತಿತ್ತು? ಪರದೇಶ ಸುತ್ತಿ ಬಂದ ಸಾಹೇಬರೊಬ್ಬರು ಇವರ ಕಾರ್ಖಾನೆಯಲ್ಲಿ ತಂಡ ಕಟ್ಟಿದ್ದರು. ಮೈದಾನದ ಆ ತುದಿಯಲ್ಲಿ ಚೆಂಡು ಹಿಡಿದು ಎಸೆಯುವವನು ನಂಜುಂಡ; ಈ ತುದಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಅದನ್ನು ಹಿಡಿಯುವವರು ಇವರು. "ಹಾಕೋ ನಂಜಾ" ಎಂದು ಇವರು ಕೂಗಿದರೆ ಸಾಕು, ಕೂಗು ಬಂದ ಕಡೆಗೆ ಚೆಂಡು ಬರುತ್ತಿತ್ತು. ಒಮ್ಮೆ ನಡುವೆ ಓಡಿಬಂದ ಎದುರಾಳಿಯ ದವಡೆಗೆ ಬಡಿದು ಎರಡು ಹಲ್ಲು ಉದುರಿದವು. ನಂಜುಂಡನೇ ಮಣ್ಣಲ್ಲಿ ಹುಡುಕಿ ತಂದುಕೊಟ್ಟನಂತೆ. "ದಾರೀಗೆ ಅಡ್ಡ ಬಂದ್ರೆ ನಾನೇನ್ ಮಾಡ್ಲಿ ಗುರು?"

ಆ ತೋಳಿಗೇ ಅವನಿಗೆ ಕೆಲಸ ಸಿಕ್ಕಿದ್ದು. ಆ ವರ್ಷದ ಪಂದ್ಯಾವಳಿ ಮುಗಿದರೆ ಕಾಯಂ ಎಂದು ಸಾಹೇಬರು ಮಾತು ಕೊಟ್ಟಿದ್ದರು. ಅಷ್ಟರಲ್ಲಿ ಮುಷ್ಕರ ಬಂತು.

ಹೊರಗಿನ ಆಳುಗಳನ್ನು ತುಂಬಿಕೊಂಡು ಬಂದ ಬಸ್ಸನ್ನು ತಡೆಯಲು ಇವರೂ ಇನ್ನು ಕೆಲವರೂ ಗೇಟಿನೆದುರು ಅಡ್ಡ ಮಲಗಿದರು. ನಂಜುಂಡ ದೂರದ ನೀರಿನ ಟ್ಯಾಂಕಿನ ಬಳಿ ಕೈಕಟ್ಟಿ ನಿಂತಿದ್ದ. ಅವನಿಗೆ ಕೆಲಸ ಉಳಿಯಬೇಕಿತ್ತು. ಪೊಲೀಸರು ಲಾಠಿ ಬೀಸಿದರು, ತಲೆಗಳು ಒಡೆದವು. ಬಸ್ಸು ನಿಲ್ಲಲಿಲ್ಲ. ಚಕ್ರ ಹತ್ತಿರ ಬಂದಾಗ ಇವರ ಬಾಯಿಂದ ಹೊರಟದ್ದು ದೇವರ ಹೆಸರಲ್ಲ.

"ಹಾಕೋ ನಂಜಾ."

ಕಲ್ಲು ಗಾಜು ಸೀಳಿ ಡ್ರೈವರನ ಕಣ್ಣಿಗೆ ಹೊಕ್ಕಿತು. ಬಸ್ಸು ಕಾಂಪೌಂಡಿಗೆ ಗುದ್ದಿ ನಿಂತಿತು. ಎಸೆದವನು ಯಾರೆಂದು ಪೊಲೀಸರು ಹುಡುಕಬೇಕಾಗಲಿಲ್ಲ, ಹೆಸರು ಎಲ್ಲರಿಗೂ ಕೇಳಿಸಿತ್ತು. ಅವನನ್ನು ಎಳೆತಂದು, ಬಲತೋಳನ್ನು ಮೋರಿಯ ಕಲ್ಲಿನ ಮೇಲೆ ಚಾಚಿಸಿ, ಮೂಳೆ ಮುರಿದ ಸದ್ದು ಕೇಳಿಸುವವರೆಗೆ ಬಡಿದರು. ಇವರು ಪಕ್ಕದಲ್ಲೇ ಬಿದ್ದು ಅದನ್ನು ನೋಡಿದರು.

ಜೈಲಿನಿಂದ ಬಿಟ್ಟ ಮೇಲೆ, ಊರಿಗೆ ಹೋಗುತ್ತೇನೆಂದು ಹೇಳಲು ಬಂದ. ಬಲ ಮೊಣಕೈ ಸೊಟ್ಟಗೆ ಕೂಡಿಕೊಂಡಿತ್ತು. ಕಾಫಿ ಲೋಟವನ್ನು ಎಡಗೈಯಲ್ಲಿ ಹಿಡಿದ.

"ನಾನು ಗುರಿ ಇಟ್ಟಿದ್ದು ಬಸ್ಸಿನ ಲೈಟಿಗೆ ಕಣಕ್ಕಾ. ಅದೊಂದು ತಪ್ಪೋಯ್ತು. ಪಾಪ, ಆ ಡ್ರೈವರ್‌ಗೆ ಇನ್ನು ಒಂದೇ ಕಣ್ಣಂತೆ."

ಇವರು ತಲೆ ಎತ್ತಲಿಲ್ಲ. "ಅಂಗ್ಯಾಕ್ ಕೂತಿದೀಯ ಭಾವ, ಕೈ ಊತ ಇಳೀತಲ್ಲ ನಿಂಗೆ," ಎಂದು ನಕ್ಕು ಮೆಟ್ಟಿಲಿಳಿದ.

ಆಮೇಲೆ ನೋಡಿದರೆ ಅವನು ಜೊತೆಗೆ ತಂದಿದ್ದ ಗವಸು ಹೊಸ್ತಿಲ ಮೇಲೇ ಇತ್ತು. ಇವರು ಅದನ್ನೆತ್ತಿಕೊಂಡು ಕಿಟಕಿಗೆ ಹೋದರು. ನಂಜುಂಡ ಬೀದಿಯ ತಿರುವಿನಲ್ಲಿದ್ದ, ಕೂಗಿದರೆ ಕೇಳಿಸುವಷ್ಟು ದೂರದಲ್ಲಿ. ಇವರು ಬಾಯಿ ತೆರೆದರು. ಹೆಸರು ಹೊರಡಲಿಲ್ಲ. ಚಪ್ಪಲಿಯನ್ನೂ ಮೆಟ್ಟದೆ, ಗವಸು ಹಿಡಿದು ಕೆಳಗೆ ಓಡಿದರು.

ತುಮಕೂರು ರಸ್ತೆ ಮುಟ್ಟುವಷ್ಟರಲ್ಲಿ ಅವನನ್ನು ಹತ್ತಿಸಿಕೊಂಡು ಊರಿನ ಬಸ್ಸು ಹೊರಟಿತ್ತು.