ರೊಟ್ಟಿಯ ಅಚ್ಚು ತಿರುಗಿದ್ದು

ತಮ್ಮ ನನಗಿಂತ ಆರು ವರ್ಷ ಚಿಕ್ಕವನು, ಆದರೆ ದುಬೈಗೆ ಮೊದಲು ಬಂದವನು ಅವನೇ. ನನಗೆ ವೀಸಾ ಮಾಡಿಸಿ, ತಾನಿದ್ದ ಮರಗೆಲಸದ ವರ್ಕ್‌ಶಾಪಿಗೆ ಸೇರಿಸಿ, ಮುಹೈಸ್ನಾದ ಕೆಲಸಗಾರರ ಕ್ಯಾಂಪಿನಲ್ಲಿ ಕೆಳಗಿನ ಮಂಚವನ್ನೂ ಬಿಟ್ಟುಕೊಟ್ಟ. ಅಂಥವನಿಗೆ ನಾನು ಮಾಡಿದ್ದನ್ನು ಬರೆಯುತ್ತಿದ್ದೇನೆ. ಓದಿದ್ದು ಐದನೇ ಕ್ಲಾಸು, ತಪ್ಪಿದ್ದರೆ ತಿದ್ದಿಕೊಳ್ಳಿ.

ನಾನು ಬಂದು ಎರಡು ತಿಂಗಳಾಗಿತ್ತು. ಅಬುಧಾಬಿಯ ಒಂದು ಮ್ಯೂಸಿಯಮ್ಮಿನಿಂದ ಆರ್ಡರ್ ಬಂತು. ಸಾವಿರಕ್ಕೂ ಹೆಚ್ಚು ವರ್ಷದ ಹಿಂದೆ ಈಜಿಪ್ಟಿನ ಕೋಪ್ಟಿಕ್ ಕ್ರೈಸ್ತರು ದಿನಾ ಬಳಸುತ್ತಿದ್ದ ಮರದ ಸಾಮಾನುಗಳ ನಕಲು ಬೇಕಂತೆ, ಮಕ್ಕಳು ಮುಟ್ಟಿ ನೋಡಲಿಕ್ಕೆ. ನೂಲುವ ಕದಿರು, ದೇವರ ಹೆಸರು ಮೂಡುವಂತೆ ರೊಟ್ಟಿಗೆ ಒತ್ತುವ ಅಚ್ಚು, ಬಾಚಣಿಗೆ. ಬಾಚಣಿಗೆಗೆ ಒಂದು ಕಡೆ ದೊಡ್ಡ ಹಲ್ಲು, ಇನ್ನೊಂದು ಕಡೆ ನಮ್ಮ ಸೀರಣಿಗೆಯ ಹಾಗೆ ಸಣ್ಣ ಹಲ್ಲು.

"ನೋಡಣ್ಣ, ಹೇನು ಮಾತ್ರ ಯಾವ ಕಾಲದವರನ್ನೂ ಬಿಟ್ಟಿಲ್ಲ" ಎಂದ ತಮ್ಮ. ಉಪ್ಪುಕಾಗದದಲ್ಲಿ ಬಾಗಿಲು ಉಜ್ಜಿ ಉಜ್ಜಿ ಬೇಸತ್ತಿದ್ದವನಿಗೆ ಈ ನಾಜೂಕಿನ ಕೆಲಸ ಸಿಕ್ಕಿದ್ದೇ ಹಬ್ಬ.

ಬಾಚಣಿಗೆ ಅವನಿಗೆ, ಅಚ್ಚು ನನ್ನ ಪಾಲಿಗೆ ಬಂತು. ಅದರ ಫೋಟೋದಿಂದ ಅಕ್ಷರಗಳನ್ನು ತೆಳು ಕಾಗದಕ್ಕೆ ಪೆನ್ಸಿಲಿನಲ್ಲಿ ಇಳಿಸಿ, ಕಾಗದವನ್ನು ಮರದ ಮೇಲೆ ಬೋರಲು ಹಾಕಿ ಉಜ್ಜಿದೆ. ಊರಲ್ಲಿ ಹೂಬಳ್ಳಿ ಕೆತ್ತುವಾಗ ಹಾಗೇ ಮಾಡುತ್ತಿದ್ದೆ. ಬಳ್ಳಿ ಎತ್ತ ತಿರುಗಿದರೂ ಬಳ್ಳಿಯೇ.

ನಮ್ಮ ಫೋರ್‌ಮನ್ ಈಜಿಪ್ಟಿನವರು, ಕೋಪ್ಟಿಕ್ ಕ್ರೈಸ್ತರೇ. ಮೈದಾ ಕಲಸಿ ತಂದು ಅಚ್ಚು ಒತ್ತಿದರು. ಅಕ್ಷರಗಳೆಲ್ಲ ತಿರುಗುಮುರುಗು! ಅಚ್ಚಿನಲ್ಲಿ ಮೊದಲೇ ತಿರುಗಿದ್ದ ಅಕ್ಷರವನ್ನು ನಾನು ಇನ್ನೊಮ್ಮೆ ತಿರುಗಿಸಿಬಿಟ್ಟಿದ್ದೆ.

"ದೇವರ ಹೆಸರು ಓದಲಿಕ್ಕೆ ಕನ್ನಡಿ ಹಿಡೀಬೇಕಾ? ಯಾರು ಮಾಡಿದ್ದು?" ಎಂದು ಹಿಂದಿಯಲ್ಲಿ ಕೇಳಿದರು.

ನನ್ನ ಗದ್ದ ತಮ್ಮನ ಕಡೆ ತಿರುಗಿತು. ಅವನು ನನ್ನನ್ನೊಮ್ಮೆ ನೋಡಿ, ತಪ್ಪು ತನ್ನದೇ ಎಂಬಂತೆ ತಲೆ ತಗ್ಗಿಸಿದ. ಮರುದಿನದಿಂದ ಅವನು ಮತ್ತೆ ಬಾಗಿಲು ಉಜ್ಜಲಿಕ್ಕೆ. ಬಾಚಣಿಗೆಯೂ ನನಗೆ, ಹೊಸ ಅಚ್ಚು ಕೆತ್ತುವ ಮರ್ಯಾದೆಯೂ ನನಗೇ.

ಅವನು ಒಮ್ಮೆ ಬೈದುಬಿಟ್ಟಿದ್ದರೆ ಚೆನ್ನಾಗಿತ್ತು. ಸಾಮಾನಿನ ಪೆಟ್ಟಿಗೆ ಅಬುಧಾಬಿಗೆ ಹೋದ ಮೇಲೆ ನನಗೆ ಬಾಯಿ ಬಂತು. ಫೋರ್‌ಮನ್ ಎದುರು ನಿಂತು, ತಪ್ಪು ನನ್ನದೇ, ಇನ್ನು ಅಂಥ ಕೆಲಸವಿದ್ದರೆ ತಮ್ಮನಿಗೇ ಕೊಡಿ ಎಂದು ಬಂದಷ್ಟು ಹಿಂದಿಯಲ್ಲಿ ಹೇಳಿದೆ. ಅವರು ಕೈಯಾಡಿಸಿ "ಮಾಫಿ, ಮಾಫಿ" ಎಂದರು.

ಓಡಿ ಹೋಗಿ ತಮ್ಮನಿಗೆ ಹೇಳಿದೆ: "ಎಲ್ಲ ಒಪ್ಪಿಕೊಂಡೆ ಮಾರಾಯ! ಮಾಫಿ ಮಾಡಿದರು!"

ಅವನು ಉಜ್ಜುವುದನ್ನು ನಿಲ್ಲಿಸಿ ಹೊಟ್ಟೆ ಹಿಡಿದು ನಕ್ಕ. "ಅಯ್ಯೋ ಅಣ್ಣ, ಇಲ್ಲಿನ ಅರಬ್ಬಿಯಲ್ಲಿ ಮಾಫಿ ಅಂದ್ರೆ ‘ಇಲ್ಲ’ ಅಂತ. ಅಂಥ ಕೆಲಸ ಇನ್ನಿಲ್ಲ ಅಂದಿದ್ದಾರೆ."

"ಹಾಗಾದ್ರೆ... ನೀನು?"

"ನಂದೂ ಮಾಫಿ."

ಯಾವ ಭಾಷೆಯದ್ದು ಎಂದು ಕೇಳುವ ಧೈರ್ಯವಾಗಲಿಲ್ಲ. ಒಂದು ತುಂಡು ಉಪ್ಪುಕಾಗದ ಹರಿದುಕೊಂಡು, ಅದೇ ಬಾಗಿಲಿನ ಇನ್ನೊಂದು ತುದಿಯಲ್ಲಿ ಕೂತು ಉಜ್ಜತೊಡಗಿದೆ.