ಎಳನೀರು ನಾಗೇಶನೂ ಕೆಳಗಿನ ನಟ್ಟೂ

ಕೊಣನೂರಿನಿಂದ ಅರಕಲಗೂಡಿಗೆ ಹೋಗುವ ರಸ್ತೆಯಲ್ಲಿ, ನಂಜಮ್ಮನ ಟೀ ಅಂಗಡಿಗೆ ಅಂಟಿಕೊಂಡಂತೆ ನಾಗೇಶನ ಗ್ಯಾರೇಜಿದೆ. ಗ್ಯಾರೇಜು ಎಂದರೆ ನಾಲ್ಕು ಕಂಬ, ಮೇಲೊಂದು ಶೀಟು, ನಡುವೆ ಒಂದು ಗುಂಡಿ. ಗಾಡಿಯನ್ನು ಗುಂಡಿಯ ಮೇಲೆ ತಂದು ನಿಲ್ಲಿಸುವುದು, ಮೆಕ್ಯಾನಿಕ್ಕು ಒಳಗಿಳಿದು ಅದರ ಅಡಿ ನಿಂತು ಕೆಲಸ ಮಾಡುವುದು, ಇದು ಪದ್ಧತಿ. ಆ ಗುಂಡಿಯನ್ನು ನಾಗೇಶ ತನ್ನ ಕೈಯಾರೆ ತೋಡಿ, ಎರಡೂ ಪಕ್ಕ ಸೈಜುಗಲ್ಲು ಕಟ್ಟಿದ್ದ. ಆಗ ಅವನು ಹಾಸನದಲ್ಲಿ ಕೆಲಸ ಕಲಿತು ಬಂದ ಹೊಸತು. ಅಲ್ಲಿನ ಮೇಸ್ತ್ರಿ ಅವನನ್ನು ಕರೆಯುತ್ತಿದ್ದುದೇ 'ಕಡ್ಡಿ' ಎಂದು. ಕಡ್ಡಿ ತನ್ನ ಮೈಯನ್ನೇ ಅಳತೆಗೆ ಇಟ್ಟುಕೊಂಡು, ದರ್ಜಿಯ ಹತ್ತಿರ ಅಂಗಿ ಹೊಲಿಸಿಕೊಂಡಂತೆ, ಮೈಗೊಪ್ಪುವ ಗುಂಡಿ ತೋಡಿಕೊಂಡಿತು. "ಅಗಲ ಮಾಡುದ್ರೆ ಗಾಡಿ ಚಕ್ರ ಬಿದ್ದೋಯ್ತದೆ. ಇದೆಲ್ಲ ಲೆಕ್ಕಾಚಾರ ಕಣಣ್ಣ" ಎಂದು ನೋಡಲು ಬಂದವರಿಗೆಲ್ಲ ಹೇಳಿತು.

ಲೆಕ್ಕಾಚಾರದಲ್ಲಿ ಒಂದು ಬಾಬತ್ತು ಬಿಟ್ಟುಹೋಗಿತ್ತು. ಮನುಷ್ಯನಿಗೆ ಮದುವೆಯಾಗುತ್ತದೆ. ಹಳ್ಳಿಮೈಸೂರಿನಿಂದ ಬಂದ ಪ್ರೇಮಕುಮಾರಿಯ ಕೈಯಲ್ಲಿ ಬಸ್ಸಾರು ಎಂಥ ಹದಕ್ಕೆ ಬರುತ್ತಿತ್ತೆಂದರೆ, ಮುದ್ದೆ ಗಂಟಲಿನಲ್ಲಿ ಇಳಿದದ್ದು ನುಂಗಿದವನಿಗೇ ತಿಳಿಯುತ್ತಿರಲಿಲ್ಲ. ಅದರ ಜೊತೆಗೆ ಗಿರಾಕಿಗಳ ಮನೆಯ ಬೀಗರೂಟಗಳು. ಗಾಡಿ ನೋಡಿಕೊಳ್ಳುವವನನ್ನು ಬೀಗರೂಟಕ್ಕೆ ಕರೆಯದಿದ್ದರೆ ಗಾಡಿ ಮುನಿಸಿಕೊಳ್ಳುತ್ತದೆ ಎಂಬ ಸುದ್ದಿಯನ್ನು ನಾಗೇಶನೇ ಹಬ್ಬಿಸಿದ್ದ. ಹೀಗೆ ಹೊಟ್ಟೆ ಬಂತು. ನಡುವಯಸ್ಸಿನ ನಮ್ಮಂಥವರಿಗೆ ಅದು ಬರುವ ಬಗೆಯನ್ನು ವಿವರಿಸಬೇಕಾಗಿಲ್ಲ. ಬಾಡಿಗೆಗೆಂದು ಬಂದು ಸೇರಿಕೊಂಡು, ಆಮೇಲೆ ಮನೆಯೇ ತನ್ನದೆನ್ನುವ ಜಾತಿ ಅದು. ಗುಂಡಿ ಮಾತ್ರ ಕಡ್ಡಿಯ ಅಳತೆಯಲ್ಲೇ ಉಳಿಯಿತು.

ಮೊದಮೊದಲು ಗುಂಡಿಯೊಳಗೆ ತಿರುಗಬೇಕಾದರೆ ಉಸಿರು ಬಿಡಬೇಕಾಗುತ್ತಿತ್ತು. ಬರಬರುತ್ತ ಇದ್ದಬದ್ದ ಉಸಿರೆಲ್ಲ ಬಿಟ್ಟರೂ ಸಾಲದಾಯಿತು. ಒಂದು ದಿನ ಅಂಗಿಯ ಗುಂಡಿಯನ್ನು ನೆಲದ ಗುಂಡಿಗೇ ಒಪ್ಪಿಸಿ ಮೇಲೆ ಬಂದ.

"ಎಲ್ಲಿ ಬೀಳುಸ್ಕಂಡ್ರಿ ಗುಂಡೀನ?" ಎಂದಳು ಪ್ರೇಮಕುಮಾರಿ, ಸೂಜಿಗೆ ದಾರ ಪೋಣಿಸುತ್ತ.

"ಗುಂಡೀಲಿ."

"ಅದೇ ಕಣ್ರೀ, ಗುಂಡೀನ ಎಲ್ಲಿ ಅಂತ."

ನಾಗೇಶ ಅಂಗಿ ಬಿಚ್ಚಿ ಅವಳ ಕೈಗಿಟ್ಟ. ಗುಂಡಿಗೆ ಇಳಿಯಲಾಗದ ಮೆಕ್ಯಾನಿಕ್ಕು ಎಂಬ ಹೆಸರು ಒಮ್ಮೆ ಬಂತೆಂದರೆ ಮುಗಿಯಿತು. ಕೊಣನೂರು ಸಂತೆಯಲ್ಲಿ ಬೆಳಿಗ್ಗೆ ಆಡಿದ ಮಾತು ಮಧ್ಯಾಹ್ನದ ಬಸ್ಸು ಹತ್ತಿ ಮಲ್ಲಿಪಟ್ಟಣಕ್ಕೆ ಹೋಗಿ ಊಟ ಮಾಡುತ್ತದೆ. ಗಿರಾಕಿಗಳೆಲ್ಲ ಹೊಳೆನರಸೀಪುರದ ಕಡೆ ಮುಖ ಮಾಡುತ್ತಾರೆ. ಗುಂಡಿಯನ್ನು ಅಗಲ ಮಾಡಿಸೋಣವೆಂದರೆ, ಯಾಕೆ ಎಂದು ಕೇಳದೆ ಹಾರೆ ಹಿಡಿಯುವವನು ಈ ತಾಲ್ಲೂಕಿನಲ್ಲೇ ಇಲ್ಲ.

ಅಂಥ ಸಂಕಟದಲ್ಲಿ ಹಾಸನದ ಅಂಗಡಿಯೊಂದರಲ್ಲಿ ಅವನ ಕಣ್ಣಿಗೆ ಬಿದ್ದದ್ದು ಆಯಿಲ್ ಹೀರುವ ಮಿಷಿನ್ನು. ಒಂದು ಡಬ್ಬ, ಡಬ್ಬಕ್ಕೊಂದು ಕೈಪಂಪು, ಪಂಪಿಗೆ ಅಂಟಿದ ಸಣ್ಣ ಪೈಪು. ಇಂಜಿನ್ನಿನಲ್ಲಿ ಆಯಿಲ್ ಎಷ್ಟಿದೆಯೆಂದು ನೋಡುವ ಕಡ್ಡಿಯನ್ನು ಎಳೆದು, ಅದೇ ತೂತಿನಲ್ಲಿ ಪೈಪು ಬಿಟ್ಟು ಪಂಪು ಹೊಡೆದರೆ ಹಳೆಯ ಆಯಿಲ್ಲೆಲ್ಲ ಡಬ್ಬಕ್ಕೆ ಬರುತ್ತದೆ. ಇಳಿಯುವ ಮಾತೇ ಇಲ್ಲ. ಹಳೆಯ ಆಯಿಲ್ ಸುರಿಸಲೆಂದು ಇಂಜಿನ್ನಿನ ತಳದಲ್ಲಿರುವ ಆ ಕೆಳಗಿನ ನಟ್ಟನ್ನು ಮುಟ್ಟುವ ಮಾತೂ ಇಲ್ಲ. ನಾಗೇಶ ಅದನ್ನು ಗೋಣಿಚೀಲದಲ್ಲಿ ಸುತ್ತಿ ಮನೆಗೆ ತಂದ.

"ಇದೇನ್ರೀ, ಶುಂಠಿಗೆ ಔಷಧಿ ಒಡಿಯೋ ಕ್ಯಾನಾ?" ಎಂದಳು ಪ್ರೇಮಕುಮಾರಿ.

"ಸುಮ್ನಿರು. ಇದು ಸೈನ್ಸು."

ಮಾರನೆಯ ದಿನ ಗುಂಡಿಯ ಮೇಲೆ ಹಲಗೆ ಬಿದ್ದವು. ಹಲಗೆಯ ಮೇಲೆ ಗಿರಾಕಿಗಳಿಗೆಂದು ಬೆಂಚು ಬಂತು. ಮಿಷಿನ್ನಿಗೆ ಅರಿಶಿನ, ಕುಂಕುಮ. ನಾಗೇಶನ ಬಾಯಿಗೆ ಭಾಷಣ. "ಈಗಿನ ಡಾಕ್ಟ್ರು ಸುಮ್ಸುಮ್ನೆ ಒಟ್ಟೆ ಕುಯ್ತಾರಾ? ಸಣ್ಣ ಪೈಪ್ ಬುಟ್ಟು ಒಳಗಿಂದೆಲ್ಲ ತಗೀತಾರೆ. ಇದೂ ಅಂಗೇ. ಕೆಳಗಿನ ನಟ್ಟ ಬಿಚ್ಚಿ ಬಿಚ್ಚಿ ತ್ರೆಡ್ಡು ಸವೆದು, ಒಂದಿನ ರೋಡಲ್ಲೇ ಆಯಿಲ್ ಸುರ್ಕಂಡು ನಿಂತ್ಕಂಡ್ರೆ ಏನ್ಮಾಡ್ತೀರಾ?" ಹೊಟ್ಟೆಯ ಮಾತು ಬಂದಾಗ ಮಾತ್ರ ಅವನ ಕೈ ತಾನಾಗಿ ಅಂಗಿಯನ್ನು ಕೆಳಗೆ ಎಳೆದುಕೊಳ್ಳುತ್ತಿತ್ತು.

ನಮ್ಮ ಜನ ಸೈನ್ಸನ್ನು ನಂಬುವುದಿಲ್ಲವೆಂದಲ್ಲ. ನಂಬುವ ಮೊದಲು ಕುಕ್ಕರುಗಾಲಲ್ಲಿ ಕೂತು ನೋಡಬೇಕೆನ್ನುತ್ತಾರೆ. ಆಯಿಲ್ ಬದಲಿಸುವುದೆಂದರೆ ಗಾಡಿಯ ಯಜಮಾನ ಪಕ್ಕದಲ್ಲಿ ಕುಕ್ಕರಿಸಿ, ಕಪ್ಪು ಧಾರೆ ಬೋಗುಣಿಗೆ ಬೀಳುವುದನ್ನು ಕಂಡು ಲೊಚಗುಟ್ಟಿ, ಕೊನೆಗೆ ಆ ಹಳೆಯ ಆಯಿಲ್ಲನ್ನು ಕ್ಯಾನಿಗೆ ತುಂಬಿಸಿಕೊಂಡು ಮನೆಗೊಯ್ಯುವುದು. ಕೊಟ್ಟಿಗೆ ಕಂಬಕ್ಕೆ, ಬೇಲಿ ಗೂಟಕ್ಕೆ ಅದನ್ನು ಬಳಿದರೆ ಗೆದ್ದಲು ಹತ್ತಿರ ಸುಳಿಯುವುದಿಲ್ಲ. ಮಿಷಿನ್ನಿನಲ್ಲಿ ಧಾರೆಯೇ ಕಾಣದು.

ಚನ್ನರಾಯಪಟ್ಟಣದಿಂದ ಸಂತೆಗೆ ತೆಂಗಿನಕಾಯಿ ತರುವ ಗುಂಡಯ್ಯ ಆ ಪೈಪನ್ನು ನೋಡಿದವನೇ ಹೆಸರಿಟ್ಟುಬಿಟ್ಟ. "ಇದೇನಣ್ಣ, ಗಾಡಿಗೆ ಸ್ಟ್ರಾ ಆಕಿ ಎಳ್ನೀರು ಕುಡ್ದಂಗೆ ಕುಡೀತಾ ಇದ್ದೀಯಲ್ಲ." ಅಂದಿನಿಂದ ಅವನು ಎಳನೀರು ನಾಗೇಶ. ಗುಂಡಯ್ಯ ಅಷ್ಟಕ್ಕೇ ಬಿಡಲಿಲ್ಲ. "ಸ್ಟ್ರಾದಾಗೆ ಕುಡ್ದ್ಮೇಲೂ ಕೊನೆಗೆ ಬುರುಡೆ ಎತ್ತಿ ಬಾಯಿಗೆ ಬಗ್ಗುಸ್ಕತೀವಲ್ಲ, ಯಾಕೇಳು? ತಳದಾಗೆ ಉಳ್ದಿರ್ತದೆ."

ಈ ತಳದ ಮಾತನ್ನು ಮನಸ್ಸಿಗೆ ಹಚ್ಚಿಕೊಂಡವರು ಮಲ್ಲಿಪಟ್ಟಣದ ತಿಮ್ಮಪ್ಪ. ಶುಂಠಿ ಬೆಳೆದು ಕಾರು ಕೊಂಡವರು, ಕಾರಿಗಿಂತ ಹಳೆಯ ಅನುಮಾನಗಳನ್ನು ಇಟ್ಟುಕೊಂಡವರು. ಒಂದು ಸಂತೆಯ ದಿನ ಕಾರು ತಂದು ನಿಲ್ಲಿಸಿ, ಬೆಂಚಿನ ಮೇಲೆ ಕೂರದೆ ನಿಂತೇ ಶುರುಮಾಡಿದರು.

"ನಾಗೇಸ, ಕೆಳಗಿನ ನಟ್ಟು ಬಿಚ್ಚು."

"ತಿಮ್ಮಪ್ಪಣ್ಣ, ಅದೆಲ್ಲ ಹಳೇ ಕಾಲದ್ದು."

"ನಾನೂ ಹಳೇ ಕಾಲದವ್ನೇ ಕಣ್ಲಾ. ಕಾಫಿ ಕಾಸಿದ್ರೆ ತಳದಾಗೆ ಗಷ್ಟು ಕೂತಿರ್ತದೋ ಇಲ್ವೋ? ಮೇಲಿಂದ ಈರುದ್ರೆ ಕಾಫಿ ಬತ್ತದೆ. ಗಷ್ಟು ಬತ್ತದಾ?"

ಟೀ ಅಂಗಡಿಯ ಮುಂದಿದ್ದವರು ಲೋಟ ಹಿಡಿದುಕೊಂಡೇ ಈ ಕಡೆ ಬಂದರು. ಗುಂಡಯ್ಯನೂ ತೆಂಗಿನಕಾಯಿ ಬಿಟ್ಟು ಬಂದ. ಜನ ಸೇರಿದರೆ ನಾಗೇಶನ ನಾಲಿಗೆಗೆ ಬ್ರೇಕು ಹಿಡಿಯುವುದಿಲ್ಲ. ನಂಜಮ್ಮನ ತಟ್ಟೆಯಿಂದ ಖಾಲಿ ಲೋಟವೊಂದನ್ನು ಎತ್ತಿ ಹಿಡಿದ.

"ಮಿಷಿನ್ನಲ್ಲಿ ಈರ್ತೀನಿ. ಆಮೇಲೆ ನಟ್ಟು ಬಿಚ್ಚಿ ನೋಡನ. ಈ ಲೋಟದಾಗೆ ಅರ್ಧ ತುಂಬುದ್ರೆ, ಮಿಷಿನ್ನ ತಗಂಡೋಗಿ ಒಳೆಗೆ ಬಿಸಾಕ್ಬುಡ್ತೀನಿ."

"ನನ್ನ ಲೋಟ ಒಳೆಗಾಕ್ಬ್ಯಾಡ ಕಣಪ್ಪ" ಎಂದಳು ನಂಜಮ್ಮ.

ತಾನು ಏನು ಹೇಳಿದೆನೆಂದು ನಾಗೇಶನಿಗೆ ಹೊಳೆದದ್ದು ಪಂಪು ಹೊಡೆಯುವಾಗ. ನಟ್ಟು ಬಿಚ್ಚಿ ನೋಡಬೇಕಾದರೆ ಯಾರಾದರೂ ಇಳಿಯಬೇಕು. ಆಯಿಲ್ ಸೊಗಸಾಗಿ ಬರುತ್ತಿತ್ತು. ಅವನ ಬೆವರೂ ಬರುತ್ತಿತ್ತು. ಡಬ್ಬದಲ್ಲಿ ಗುಳುಗುಳು ನಿಂತು ಗಾಳಿಯ ಸದ್ದು ಬಂದ ಮೇಲೂ ಒಂದಷ್ಟು ಹೊತ್ತು ಪಂಪು ಹೊಡೆಯುತ್ತಲೇ ಇದ್ದ. ಅಷ್ಟರಲ್ಲಿ ಸಂತೆಯ ಜನ ಬೆಂಚು ಎತ್ತಿ, ಹಲಗೆ ಸರಿಸಿ, ಕಾರನ್ನು ತಳ್ಳಿ ಗುಂಡಿಯ ಮೇಲೆ ನಿಲ್ಲಿಸಿಯೂ ಆಗಿತ್ತು. ಪರೋಪಕಾರಕ್ಕೆ ನಮ್ಮವರು ಯಾವತ್ತೂ ಮುಂದು.

"ನಂಬಿಕೆ ಇಲ್ದೋರು ನೀವು. ನೀವೇ ಇಳ್ದು ಬಿಚ್ಚಿ ತಿಮ್ಮಪ್ಪಣ್ಣ. ಆಮೇಲೆ ನಾನೇನೋ ಕೈಚಳಕ ಮಾಡ್ದೆ ಅನ್ಬ್ಯಾಡಿ."

"ಮೆಕ್ಯಾನಿಕ್ಕು ನೀನೋ ನಾನೋ?"

ನಾಗೇಶ ಸ್ಪ್ಯಾನರ್ ಹಿಡಿದು, ಲೋಟವನ್ನು ಜೇಬಿಗೆ ಹಾಕಿಕೊಂಡು, ಗಾಡಿಯ ಹಿಂದಿನಿಂದ ಮೆಟ್ಟಿಲಿಳಿದ. ಹೊಟ್ಟೆಯನ್ನು ಒಳಗೆಳೆದುಕೊಂಡು, ಕಲ್ಲಿಗೆ ಮೈ ಉಜ್ಜಿಕೊಂಡು, ಇಂಜಿನ್ನಿನ ಕೆಳಗೆ ಹೋಗಿ ಕೈ ಮೇಲೆತ್ತಿದ. ಕೈ ಎತ್ತಿದಾಗ ಹೊಟ್ಟೆಯೂ ಮೇಲೆದ್ದು ಜಾಗ ಬಿಟ್ಟುಕೊಟ್ಟಿತು. ನಟ್ಟು ಬಿಚ್ಚಿತು. ಲೋಟ ಒಡ್ಡಿದ. ಒಂದು ಎಳೆ ಇಳಿಯಿತು, ಆಮೇಲೆ ತೊಟ್ಟು, ಆಮೇಲೆ ಅದೂ ಇಲ್ಲ. ಲೋಟದ ತಳ ಮುಚ್ಚುವಷ್ಟು, ನಂಜಮ್ಮ ಟೀಗೆ ಹಾಕುವ ಹಾಲಿನಷ್ಟು. ಗಷ್ಟಿನ ಸುಳಿವೇ ಇಲ್ಲ.

ನಾಗೇಶ ನಟ್ಟು ಬಿಗಿದ. ಗೆದ್ದೆನೆಂಬ ಸಮಾಧಾನಕ್ಕೆ ಉದ್ದಕ್ಕೆ ಉಸಿರೆಳೆದುಕೊಂಡು ಕೈ ಇಳಿಸಿದ. ಇಷ್ಟು ಹೊತ್ತು ಮೇಲೆದ್ದಿದ್ದ ಹೊಟ್ಟೆ ಕೆಳಗೆ ಬಂದು, ಎರಡು ಕಲ್ಲುಗಳ ನಡುವೆ ತನ್ನ ಜಾಗ ನೋಡಿಕೊಂಡು ಕೂತುಬಿಟ್ಟಿತು.

"ಏನ್ ಬಂತ್ಲಾ?" ಎಂದರು ತಿಮ್ಮಪ್ಪ ಮೇಲಿನಿಂದ.

"ಏನೂ ಬರ್ನಿಲ್ಲ. ನೋಡ್ಕಳಿ, ಲೋಟ ತಗಳಿ."

"ನೀನೇ ಮೇಲುಕ್ ತಗಂಬಾ."

ಕೆಳಗೆ ಕಲ್ಲಿಗೆ ಬಟ್ಟೆ ಉಜ್ಜುವ ಸದ್ದು. ಆಮೇಲೆ ಇನ್ನೊಮ್ಮೆ, ಜೋರಾಗಿ.

"ಸ್ವಲ್ಪ ಗಾಡಿ ಇಂದುಕ್ಕೆ ತಳ್ರಪ್ಪ" ಎಂದಿತು ಗುಂಡಿ, ಸಣ್ಣ ದನಿಯಲ್ಲಿ.

ಗಾಡಿ ಹಿಂದೆ ಸರಿಯಿತು. ನಡು ಕಲ್ಲಿನಲ್ಲಿ, ತಲೆ ಬೆಳಕಿನಲ್ಲಿ, ಲೋಟ ಕೈಯಲ್ಲಿ, ಹೀಗೆ ನಿಂತಿದ್ದ ನಾಗೇಶನನ್ನು ಇಡೀ ಸಂತೆ ಸುತ್ತುವರಿದು ಬಗ್ಗಿ ನೋಡಿತು. "ನೋಡಿ, ತಳಾನೂ ಸರ್ಯಾಗಿ ಮುಚ್ಚಿಲ್ಲ" ಎಂದು ಅವನು ಲೋಟ ಎತ್ತಿ ಎತ್ತಿ ತೋರಿಸಿದ. ಲೋಟವನ್ನು ನೋಡಿದವರು ಯಾರೂ ಇಲ್ಲ.

ಗುಂಡಯ್ಯ ಗಂಭೀರವಾಗಿ ಕೇಳಿದ. "ಈಗ ನಾಗೇಸಣ್ಣನ್ನ ಮೇಲಿಂದ ಈರನಾ, ಕೆಳಗಿಂದ ಬಿಚ್ಚನಾ?"

ಕಂಕುಳಿಗೆ ಕೈ ಕೊಟ್ಟು ಎಳೆದರು. ಅಂಗಿ ಬಂತು, ನಾಗೇಶ ಬರಲಿಲ್ಲ. ಕೊನೆಗೆ ಉಪಾಯ ಹೇಳಿದವಳು ನಂಜಮ್ಮ. ಮಿಷಿನ್ನಿನ ಡಬ್ಬದಲ್ಲಿ ಈಗಷ್ಟೇ ತೆಗೆದ ಕರಿ ಆಯಿಲ್ ಇತ್ತಲ್ಲ, ಆರಿತ್ತು. ಅದನ್ನು ಹೊಟ್ಟೆಯ ಸುತ್ತ ಕಲ್ಲಿನ ಸಂದಿಗೆ ಸುರಿಯಹೊರಟರೆ ತಿಮ್ಮಪ್ಪ ಕ್ಯಾನು ಹಿಡಿದು ಅಡ್ಡ ಬಂದರು.

"ಲೇ, ಅದು ನಮ್ ಕೊಟ್ಗೆ ಕಂಬಕ್ಕೆ ಕಣ್ರಲಾ. ಒಸಿ ನೋಡ್ಕಂಡು ಸುರೀರಿ."

ನೋಡಿಕೊಂಡು ಸುರಿಯುವ ಹೊಟ್ಟೆಯಾಗಿರಲಿಲ್ಲ ಅದು. ಡಬ್ಬ ಬರಿದಾಯಿತು. ಆಗ ಜಾರುತ್ತ, ಹೊಳೆಯುತ್ತ, ಹೊಸ ಗಾಡಿಯಂತೆ ನಾಗೇಶ ಮೇಲೆ ಬಂದ.

ಸುದ್ದಿ ಅವನಿಗಿಂತ ಮೊದಲೇ ಮನೆ ಮುಟ್ಟಿತ್ತು. ಬಚ್ಚಲ ಬಾಗಿಲಲ್ಲಿ ಸೀಗೆಪುಡಿ ಹಿಡಿದು ನಿಂತಿದ್ದ ಪ್ರೇಮಕುಮಾರಿ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ಇಷ್ಟೇ ಹೇಳಿದಳು. "ಓಗ್ಲಿ ಬುಡಿ. ಇನ್ನ ಗೆದ್ಲು ಇಡಿಯಕಿಲ್ಲ."

ಇನ್ನು ಗಿರಾಕಿಗಳು ಬರುವುದಿಲ್ಲವೆಂದುಕೊಂಡು ನಾಗೇಶ ಎರಡು ದಿನ ಗ್ಯಾರೇಜಿನ ಕಡೆ ತಲೆ ಹಾಕಲಿಲ್ಲ. ಮೂರನೆಯ ದಿನ ಹೋದರೆ ಗಾಡಿಗಳು ಸಾಲು ನಿಂತಿದ್ದವು. ಕೆಳಗಿನ ನಟ್ಟಿನ ಹೆಸರೆತ್ತುವವರೇ ಇಲ್ಲ. "ಇಳೀಬ್ಯಾಡ ಕಣ್ ನಾಗೇಸಣ್ಣ, ಆ ಎಳ್ನೀರು ಪೈಪೇ ಬುಡು" ಎಂದು ತಾವಾಗಿ ಬಾನೆಟ್ಟು ಎತ್ತಿಕೊಡುವವರೇ ಎಲ್ಲ. ಗಿರಾಕಿ ತಪ್ಪಿದ್ದರೂ ನಾಗೇಶನಿಗೆ ಇಷ್ಟು ಉರಿಯುತ್ತಿರಲಿಲ್ಲ. ಅಷ್ಟು ದಿನ ಗಂಟಲು ಹರಿದುಕೊಂಡು ಹೇಳಿದ ಸೈನ್ಸನ್ನು ಒಬ್ಬನೂ ನಂಬಲಿಲ್ಲ. ಅವನ ಹೊಟ್ಟೆಯನ್ನು ಒಂದೇ ನೋಟಕ್ಕೆ ಎಲ್ಲರೂ ನಂಬಿದರು.

ಆ ಲೋಟವನ್ನು ಅವನು ನಂಜಮ್ಮನಿಗೆ ಹಿಂದಿರುಗಿಸಲಿಲ್ಲ, ಅವಳೂ ಕೇಳಲಿಲ್ಲ. ತಳದ ಆಯಿಲ್ ಸಮೇತ ಮಿಷಿನ್ನಿನ ಪಕ್ಕದಲ್ಲಿ ಇಟ್ಟುಕೊಂಡು, ಬಂದವರಿಗೆಲ್ಲ ತೋರಿಸತೊಡಗಿದ. "ಇಷ್ಟೇ ಕಣಣ್ಣ ಉಳ್ದಿದ್ದು. ಗಷ್ಟೇ ಇರ್ನಿಲ್ಲ." ಜನ ಹೌದೌದೆನ್ನುತ್ತ ಅಂಗಿಯ ಕಡೆಗೆ ನೋಡುತ್ತಿದ್ದರು.

ಮುಂದಿನ ಸಲ ಆಯಿಲ್ ಬದಲಿಸಲು ಬಂದಾಗ ತಿಮ್ಮಪ್ಪನವರು ಆ ಲೋಟವನ್ನು ಕೈಗೆ ತೆಗೆದುಕೊಂಡು, ಬೆಳಕಿಗೆ ಹಿಡಿದು, ಬಹಳ ಹೊತ್ತು ಪರೀಕ್ಷೆ ಮಾಡಿದರು. ಒಬ್ಬರಾದರೂ ನೋಡಿದರಲ್ಲ ಎಂದು ನಾಗೇಶನ ಮುಖ ಅರಳಿತು.

"ದಿಟ ಕಣ್ಲಾ" ಎಂದರು ತಿಮ್ಮಪ್ಪ. "ಗಷ್ಟು ಗಾಡೀಲಿರ್ನಿಲ್ಲ. ಎಲ್ಲಿ ಕೂತಿತ್ತು ಅಂತ ಈಗ ಗೊತ್ತಾಯ್ತಲ್ಲ."

ನಾಗೇಶ ಅಂಗಿಯನ್ನು ಕೆಳಗೆ ಎಳೆದುಕೊಂಡು ಪೈಪು ಬಿಟ್ಟ.